ಹೊಟ್ಟೆ ನಿಧಾನವಾದವರಿಗೆ ಕುಡಿಯುವ ಊಟ: ಮನೆಯಲ್ಲಿ ಮಾಡಿಕೊಳ್ಳುವ ಕ್ರಮ

ಗ್ಯಾಸ್ಟ್ರೋಪರೇಸಿಸ್, ಅಂದರೆ ಜಠರ ಊಟವನ್ನು ಬಹಳ ನಿಧಾನವಾಗಿ ಕೆಳಗೆ ಬಿಡುವ ಕಾಯಿಲೆ, ಎಂದು ಡಾಕ್ಟರು ಹೇಳಿದ ಮೇಲೆ ಬಹಳ ಮನೆಗಳಲ್ಲಿ ನಡೆಯುವುದು ಒಂದೇ. ಗಟ್ಟಿ ಊಟ ಇಳಿಯುವುದಿಲ್ಲ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ, ಬೆಳಿಗ್ಗೆ ತಿಂದದ್ದು ಸಂಜೆ ವಾಂತಿಯಾಗುತ್ತದೆ. ಆಗ ಗಂಜಿಯ ತಿಳಿ, ತರಕಾರಿ ಬೇಯಿಸಿದ ನೀರು, ಹಣ್ಣಿನ ರಸ ಕೊಡಲು ಶುರು ಮಾಡುತ್ತಾರೆ. ವಾಂತಿ ಕಡಿಮೆಯಾಗುತ್ತದೆ, ಮನೆಯವರಿಗೆಲ್ಲ ಸಮಾಧಾನವಾಗುತ್ತದೆ. ಕೆಲವು ವಾರ ಕಳೆದ ಮೇಲೆ ನೋಡಿದರೆ ಬಟ್ಟೆ ಸಡಿಲವಾಗಿರುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಸುಸ್ತು. ದಿನಕ್ಕೆ ಏಳೆಂಟು ಲೋಟ ಕುಡಿದರೂ ಅದರಲ್ಲಿ ಒಂದು ಊಟದಷ್ಟೂ ಸತ್ವ ಇರುವುದಿಲ್ಲ.

ಹೊಟ್ಟೆ ನಿಧಾನವಾದವರಿಗೆ ಬೇಕಾದದ್ದು ನುಣುಪು. ತೆಳುವು ಅದರ ನಂತರದ ಮಾತು. ಅವರು ಕುಡಿಯಬಲ್ಲ ಪ್ರಮಾಣವೇ ಕಡಿಮೆ; ಆದ್ದರಿಂದ ಒಂದೊಂದು ಗುಟುಕಿನಲ್ಲೂ ಆಹಾರ ಇರಬೇಕು. ಈ ಲೇಖನದಲ್ಲಿರುವ ಪ್ರತಿ ಹೆಜ್ಜೆಯೂ ಆ ಒಂದು ಉದ್ದೇಶಕ್ಕಾಗಿಯೇ.

ದ್ರವ ಏಕೆ ಇಳಿಯುತ್ತದೆ

ಜಠರದ ಮೇಲಿನ ಭಾಗ ಊಟವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೆಳಗಿನ ಭಾಗ ನಿಮಿಷಕ್ಕೆ ಸುಮಾರು ಮೂರು ಬಾರಿ ಹಿಂಡುತ್ತಾ ಅದನ್ನು ಅರೆಯುತ್ತದೆ. ಗಟ್ಟಿ ಆಹಾರ 1–2 ಮಿಲಿಮೀಟರಿನಷ್ಟು ಸಣ್ಣ ಚೂರಾಗುವವರೆಗೆ ಕೆಳಗಿನ ಬಾಗಿಲು ಅದನ್ನು ಸಣ್ಣ ಕರುಳಿಗೆ ಬಿಡುವುದಿಲ್ಲ. ಗ್ಯಾಸ್ಟ್ರೋಪರೇಸಿಸ್‌ನಲ್ಲಿ ದಾರಿಗೆ ಯಾವ ಅಡ್ಡಿಯೂ ಇರುವುದಿಲ್ಲ, ಈ ಅರೆಯುವ ಕೆಲಸವೇ ಸೋತಿರುತ್ತದೆ. ಹಲವು ವರ್ಷದ ಸಕ್ಕರೆ ಕಾಯಿಲೆಯಿಂದ ಜಠರವನ್ನು ನಡೆಸುವ ವೇಗಸ್ ನರಕ್ಕೆ ಪೆಟ್ಟು ಬಿದ್ದಿರಬಹುದು, ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ ಬಂದಿರಬಹುದು, ವೈರಸ್ ಸೋಂಕಿನ ಬೆನ್ನಿಗೇ ಬಂದಿರಬಹುದು. ಎಷ್ಟೋ ಜನರಲ್ಲಿ ಕಾರಣವೇ ಸಿಗುವುದಿಲ್ಲ. ಪರೀಕ್ಷೆಯಲ್ಲಿ ವಿಕಿರಣದ ಗುರುತು ಸೇರಿಸಿದ ಊಟ ಕೊಟ್ಟು ನಾಲ್ಕು ಗಂಟೆ ನೋಡುತ್ತಾರೆ; ಆಗಲೂ ನೂರಕ್ಕೆ 10ಕ್ಕಿಂತ ಹೆಚ್ಚು ಭಾಗ ಜಠರದಲ್ಲೇ ಉಳಿದಿದ್ದರೆ ಹೊಟ್ಟೆ ನಿಧಾನ ಎಂದರ್ಥ.

ದ್ರವವನ್ನು ಅರೆಯಬೇಕಿಲ್ಲ. ಜಠರದ ಮೇಲಿನ ಭಾಗ ಮೆಲ್ಲಗೆ ಒತ್ತಿದರೆ ಸಾಕು, ಕೆಳಗೆ ಇಳಿಯುತ್ತದೆ. ಗಟ್ಟಿ ಊಟ ನಿಂತುಹೋದ ಬಹಳ ಜನರಲ್ಲಿ ದ್ರವ ಇನ್ನೂ ಸಾಗುವುದು ಇದೇ ಕಾರಣಕ್ಕೆ. ಜಠರ ಮಾಡಲಾಗದ ಅರೆಯುವ ಕೆಲಸವನ್ನು ನಾವು ಮಿಕ್ಸಿಯಲ್ಲಿ ಮಾಡಿ ಕೊಡುತ್ತೇವೆ.

ಶುರು ಮಾಡುವ ಮುನ್ನ ಕೇಳಿಕೊಳ್ಳಬೇಕಾದದ್ದು

ಇಲ್ಲಿರುವುದು ದೊಡ್ಡವರಿಗಾಗಿ, ಬಾಯಿಂದ ಕುಡಿಯಬಲ್ಲವರಿಗಾಗಿ, ಡಾಕ್ಟರಿಂದ ಕಾಯಿಲೆ ಖಚಿತವಾದವರಿಗಾಗಿ. ಕೆಲವರು ತಮ್ಮ ಡಾಕ್ಟರು ಮತ್ತು ಡಯಟಿಷಿಯನ್ ಜೊತೆ ಮಾತಾಡದೆ ಇದನ್ನು ಶುರು ಮಾಡಲೇಬಾರದು.

ಎಲ್ಲಕ್ಕಿಂತ ಮುಖ್ಯವಾಗಿ, ಐದು ದಿನಕ್ಕಿಂತ ಹೆಚ್ಚು ಕಾಲ ಹೊಟ್ಟೆಗೆ ಏನೂ ಸರಿಯಾಗಿ ಹೋಗದವರು ಮತ್ತು ಮೂರರಿಂದ ಆರು ತಿಂಗಳಲ್ಲಿ ತೂಕದ ಹತ್ತನೇ ಒಂದು ಭಾಗ ಕಳೆದುಕೊಂಡವರು. ಇವರಿಗೆ ಪ್ರೀತಿಯಿಂದ ಒಮ್ಮೆಲೇ ಚೆನ್ನಾಗಿ ಕುಡಿಸಿಬಿಟ್ಟರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ದಿಢೀರನೆ ಕುಸಿದು ಹೃದಯದ ಬಡಿತವೇ ಏರುಪೇರಾಗಬಹುದು. ರೀಫೀಡಿಂಗ್ ಸಿಂಡ್ರೋಮ್ ಎನ್ನುವುದು ಇದನ್ನೇ. ಇಂಥವರಿಗೆ ರಕ್ತಪರೀಕ್ಷೆ ಮಾಡಿಸುತ್ತಾ, ಸ್ವಲ್ಪಸ್ವಲ್ಪವೇ ಏರಿಸುತ್ತಾ ಹೋಗಬೇಕು.

ಮೂತ್ರಪಿಂಡದ ಕಾಯಿಲೆ ಇದ್ದರೆ ಹಾಲು, ಬಾಳೆಹಣ್ಣು, ಆಲೂಗಡ್ಡೆ, ಬೇಳೆಗಳ ಲೆಕ್ಕ ಬೇರೆಯೇ ಆಗುತ್ತದೆ. ನುಂಗುವಾಗ ಕೆಮ್ಮು ಬರುವವರಿಗೆ ತೆಳು ದ್ರವವೇ ಅಪಾಯ, ಅದು ಶ್ವಾಸನಾಳಕ್ಕೆ ಹೋಗಬಹುದು. ಟ್ಯೂಬ್ ಮೂಲಕ ಊಟ ಕೊಡುತ್ತಿದ್ದರೆ ಈ ತಯಾರಿಗಳನ್ನು ಅದರೊಳಗೆ ಹಾಕಬೇಡಿ. ಟ್ಯೂಬ್ ಕಟ್ಟಿಕೊಳ್ಳುತ್ತದೆ, ಅದಕ್ಕೆ ಬೇರೆ ಕ್ರಮವಿದೆ. ಕರುಳು ಊದಿಕೊಳ್ಳುವ ಕ್ರೋನ್ಸ್ ಕಾಯಿಲೆಗೆ 6–8 ವಾರ ಬರೀ ದ್ರವಾಹಾರದ ಚಿಕಿತ್ಸೆ ಹೇಳಿದ್ದರೆ ಡಾಕ್ಟರು ಬರೆದುಕೊಟ್ಟ ತಯಾರಿಯನ್ನೇ ಕುಡಿಯಬೇಕು, ಮನೆಯದು ಅದರ ಜಾಗಕ್ಕೆ ಬರುವುದಿಲ್ಲ.

ಈಗಾಗಲೇ ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನೂ ಒಮ್ಮೆ ತೋರಿಸಿ. ಅಫೀಮು ವರ್ಗದ ನೋವಿನ ಮಾತ್ರೆಗಳು, ತೂಕ ಮತ್ತು ಸಕ್ಕರೆ ಇಳಿಸಲು ಕೊಡುವ ಸೆಮಾಗ್ಲುಟೈಡ್‌ನಂಥ ಇಂಜೆಕ್ಷನ್‌ಗಳು ಜಠರವನ್ನು ಇನ್ನೂ ನಿಧಾನ ಮಾಡುತ್ತವೆ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಆದರೆ ಕೇಳುವುದನ್ನು ಮರೆಯಬೇಡಿ. ಕೆಲವೊಮ್ಮೆ ಒಂದು ಮಾತ್ರೆ ಬದಲಾಯಿಸಿದರೆ ಅರ್ಧ ತೊಂದರೆ ಹೋಗುತ್ತದೆ.

ಮೊದಲು ಲೆಕ್ಕ

ದೊಡ್ಡವರಿಗೆ ದಿನಕ್ಕೆ ಸುಮಾರಾಗಿ ತೂಕದ ಪ್ರತಿ ಕಿಲೋಗೆ 25–30 ಕ್ಯಾಲೊರಿ, 1–1.2 ಗ್ರಾಂ ಪ್ರೋಟೀನ್ ಬೇಕು. 50 ಕಿಲೋ ಇರುವವರಿಗೆ 1,250–1,500 ಕ್ಯಾಲೊರಿ, 50–60 ಗ್ರಾಂ ಪ್ರೋಟೀನ್ ಎಂದಾಯಿತು. ತೂಕ ಏರಬೇಕಾದವರಿಗೆ ಇನ್ನೂ ಸ್ವಲ್ಪ ಹೆಚ್ಚು.

ಇವರ ಹೊಟ್ಟೆ ಒಮ್ಮೆಗೆ ತಾಳುವುದು 150ರಿಂದ 250 ಮಿಲಿಲೀಟರ್. ಹಾಗೆ ದಿನಕ್ಕೆ ಆರು ಏಳು ಬಾರಿ ಕುಡಿದರೆ ಒಟ್ಟು ಒಂದೂವರೆ ಲೀಟರ್ ಆಸುಪಾಸು. ಅಂದರೆ ಒಂದು ಮಿಲಿಲೀಟರಿಗೆ ಒಂದು ಕ್ಯಾಲೊರಿಯಾದರೂ ಇರಬೇಕು. ಈ ಒಂದು ಅಳತೆ ನೆನಪಿದ್ದರೆ ಬೇರೆ ಪಟ್ಟಿಗಳು ಅಷ್ಟಾಗಿ ಬೇಕಾಗುವುದಿಲ್ಲ. ಕೆನೆ ತೆಗೆಯದ ಹಾಲಿನಲ್ಲೇ ಮಿಲಿಲೀಟರಿಗೆ ಸುಮಾರು 0.6 ಕ್ಯಾಲೊರಿ ಇದೆ. ಗಂಜಿಯ ತಿಳಿ, ತರಕಾರಿ ನೀರು ಅದರ ಹತ್ತಿರವೂ ಸುಳಿಯುವುದಿಲ್ಲ.

ಗುರಿ ಮುಟ್ಟಿಸುವುದು ಎಣ್ಣೆ ಮತ್ತು ಹಾಲಿನ ಪುಡಿ. ಒಂದು ಟೀ ಚಮಚ ಎಣ್ಣೆಯಲ್ಲಿ ಸುಮಾರು 40 ಕ್ಯಾಲೊರಿ ಇದೆ, ಲೋಟದಲ್ಲಿ ಅದು ಜಾಗವನ್ನೇ ತೆಗೆದುಕೊಳ್ಳುವುದಿಲ್ಲ. 20 ಗ್ರಾಂ ಕೆನೆರಹಿತ ಹಾಲಿನ ಪುಡಿಯಲ್ಲಿ 70 ಕ್ಯಾಲೊರಿ, 7 ಗ್ರಾಂ ಪ್ರೋಟೀನ್. ಕೊಬ್ಬು ಜಠರವನ್ನು ನಿಧಾನ ಮಾಡುತ್ತದಲ್ಲ ಎಂದು ನೀವು ಕೇಳಬಹುದು. ಮಾಡುತ್ತದೆ, ಕರಿದ ತಿಂಡಿ ಈ ಕಾಯಿಲೆಗೆ ಆಗಿಬರುವುದಿಲ್ಲ. ಆದರೆ ದ್ರವದಲ್ಲಿ ಚೆನ್ನಾಗಿ ಬೆರೆತ ಕೊಬ್ಬನ್ನು ಬಹಳ ಜನ ತಾಳಿಕೊಳ್ಳುತ್ತಾರೆ. ಲೋಟಕ್ಕೆ ಅರ್ಧ ಟೀ ಚಮಚದಿಂದ ಶುರು ಮಾಡಿ. ಎರಡು ಮೂರು ದಿನ ನೋಡಿ, ವಾಕರಿಕೆ ಹೆಚ್ಚದಿದ್ದರೆ ಒಂದು ಚಮಚಕ್ಕೆ ಏರಿಸಿ. ಎಣ್ಣೆಗೆ ಹೆದರಿ ಅದನ್ನು ಪೂರ್ತಿ ಬಿಡುವವರ ತೂಕ ನಿಲ್ಲುವುದು ಕಷ್ಟ.

ಸಕ್ಕರೆ ಸುರಿದು ಕ್ಯಾಲೊರಿ ಏರಿಸುವ ದಾರಿ ನನಗೆ ಒಪ್ಪಿಗೆಯಿಲ್ಲ. ತೀರಾ ಸಿಹಿಯಾದ ದ್ರವ ಜಠರದಿಂದ ಇಳಿಯುವುದೂ ನಿಧಾನ, ಕರುಳಿಗೆ ಹೋದ ಮೇಲೆ ನೀರು ಎಳೆದುಕೊಂಡು ಭೇದಿಯನ್ನೂ ತರಬಹುದು.

ಬೇಕಾದ ಸಾಮಾನು

ಒಳ್ಳೆಯ ಮಿಕ್ಸಿ, ಸಣ್ಣ ಕಣ್ಣಿನ ಸ್ಟೀಲ್ ಜರಡಿ, ಅಳತೆಯ ಲೋಟ, ಅಡುಗೆಮನೆಯ ತಕ್ಕಡಿ, ಮುಚ್ಚಳವಿರುವ ಸಣ್ಣ ಡಬ್ಬಿಗಳು. ತಕ್ಕಡಿ ಮೊದಲ ಒಂದೆರಡು ವಾರಕ್ಕೆ ಮಾತ್ರ, ಆಮೇಲೆ ಕೈಗೆ ಅಳತೆ ಕೂರುತ್ತದೆ. ಜರಡಿಯನ್ನು ಮಾತ್ರ ಬಿಡುವಂತಿಲ್ಲ.

ಮಾಡುವ ಕ್ರಮ

ಮೊದಲು, ಸಿಪ್ಪೆ ಬೀಜ ನಾರು ತೆಗೆಯಿರಿ. ಬೇಯಿಸಿದ ಮೇಲೆ ತೆಗೆದರಾಯಿತು ಎಂದು ಬಿಟ್ಟರೆ ಕೆಲಸ ಹೆಚ್ಚುತ್ತದೆ. ಕ್ಯಾರೆಟ್, ಆಲೂಗಡ್ಡೆ, ಕುಂಬಳದಂಥ ತರಕಾರಿ ಒಳ್ಳೆಯದು. ಜೋಳ, ಬಟಾಣಿ, ಎಲೆಕೋಸು, ದಂಟಿನ ಸೊಪ್ಪು ಈ ಹಂತಕ್ಕೆ ಬೇಡ.

ಎರಡನೆಯದು, ಅತಿಯಾಗಿ ಬೇಯಿಸಿ. ಮಾಮೂಲಿ ಊಟಕ್ಕೆ ಬೇಯಿಸುವುದಕ್ಕಿಂತ ಒಂದು ಹಂತ ಮುಂದೆ ಹೋಗಬೇಕು. ತರಕಾರಿ ಚಮಚದ ಹಿಂಭಾಗ ಮುಟ್ಟಿದರೆ ಕುಸಿಯಬೇಕು, ಅಕ್ಕಿಯ ಕಾಳು ಒಡೆದು ಅಂಚು ಕರಗಿರಬೇಕು. ಬೆಂದ ನೀರನ್ನು ಚೆಲ್ಲದೆ ಅಲ್ಲೇ ಇಂಗಿಸಿ.

ಮೂರನೆಯದು, ಅರೆಯುವುದು. ಬಿಸಿ ಪದಾರ್ಥವನ್ನು ಜಾರಿನ ಅರ್ಧಕ್ಕಿಂತ ಮೇಲೆ ತುಂಬಬೇಡಿ. ಒಳಗಿನ ಹಬೆ ಮುಚ್ಚಳವನ್ನು ಹಾರಿಸಿ ಮೈ ಸುಡುತ್ತದೆ. ಸ್ವಲ್ಪ ಆರಿಸಿ, ಮುಚ್ಚಳದ ಮೇಲೆ ಬಟ್ಟೆ ಹಿಡಿದು, ಮೊದಲು ನಿಧಾನವಾಗಿ ಆಮೇಲೆ ಜೋರಾಗಿ ಎರಡು ಮೂರು ನಿಮಿಷ ತಿರುಗಿಸಿ. ಎಣ್ಣೆಯನ್ನು ಈ ಹೊತ್ತಿನಲ್ಲೇ ಹಾಕಿ. ಆಗ ಅದು ಒಳಗೇ ಬೆರೆತುಕೊಳ್ಳುತ್ತದೆ. ಕೊನೆಗೆ ಮೇಲಿಂದ ಹಾಕಿದರೆ ತೇಲುತ್ತದೆ, ಮೊದಲ ಗುಟುಕಿಗೇ ವಾಕರಿಕೆ ಬರುತ್ತದೆ.

ನಾಲ್ಕನೆಯದು, ಜರಡಿ ಹಿಡಿಯುವುದು. ಮಿಕ್ಸಿಯಲ್ಲಿ ಎಷ್ಟೇ ನುಣ್ಣಗೆ ಕಂಡರೂ ಈ ಹೆಜ್ಜೆಯನ್ನು ಬಿಡಬೇಡಿ. ಚಮಚದ ಬೆನ್ನಿನಿಂದ ಒತ್ತಿ ತಿರುಗಿಸುತ್ತಾ ಇಳಿಸಿ, ಕೊನೆಗೆ ಜರಡಿಯಲ್ಲಿ ಉಳಿದದ್ದನ್ನು ಬೆಳಕಿಗೆ ಹಿಡಿದು ನೋಡಿ. ಟೊಮೆಟೊ ಹಾಕಿದ್ದರೆ ಸಿಪ್ಪೆ ಸಣ್ಣ ಸುರುಳಿಯಾಗಿ ಅಂಟಿಕೊಂಡಿರುತ್ತದೆ, ಅದರ ಬೀಜಗಳು ಬ್ಲೇಡಿಗೆ ಸಿಗದೆ ಇಡಿಯಾಗಿಯೇ ಇರುತ್ತವೆ. ಕ್ಯಾರೆಟ್ಟಿನ ನಡುವಿನ ಗಟ್ಟಿ ಭಾಗ ಎಳೆ ಎಳೆಯಾಗಿರುತ್ತದೆ, ಕೋಳಿಮಾಂಸದ ನಾರು ಬಿಳಿ ಉಂಡೆಯಾಗಿ ಕೂಡಿಕೊಂಡಿರುತ್ತದೆ. ಇವೆಲ್ಲ ಜಠರದಲ್ಲಿ ಉಳಿದುಕೊಂಡರೆ ಒಂದಕ್ಕೊಂದು ಹೆಣೆದುಕೊಂಡು ಬೆಜೋರ್ ಎಂಬ ಗಡ್ಡೆಯಾಗುವ ಸಾಧ್ಯತೆಯಿದೆ, ಅದನ್ನು ತೆಗೆಯಲು ಬಾಯಿಯ ಮೂಲಕ ಕ್ಯಾಮೆರಾ ಕೊಳವೆ ಇಳಿಸುವ ಎಂಡೋಸ್ಕೋಪಿಯೇ ಬೇಕಾಗಬಹುದು. ಕೆಳಗೆ ಇಳಿದದ್ದರಿಂದ ಒಂದು ತೊಟ್ಟು ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ. ರವೆಯಂತೆ ತಗುಲಿದರೆ ಮತ್ತೆ ಮಿಕ್ಸಿಗೆ.

ಐದನೆಯದು, ಹದ. ಇಲ್ಲೇ ಕೈ ತಪ್ಪಿ ನೀರು ಸುರಿಯುವುದು. ಗಟ್ಟಿಯಾಯಿತು ಅನ್ನಿಸಿದರೆ ಹಾಲು, ಸೋಯಾ ಹಾಲು ಅಥವಾ ಮಾಂಸ ಬೇಯಿಸಿದ ರಸದಿಂದ ಸಡಿಲಿಸಿ. ಚಮಚವನ್ನು ಓರೆ ಮಾಡಿದಾಗ ಕೆನೆಯಂತೆ ಎಡೆಬಿಡದೆ ಹರಿದರೆ ಹದ ಸರಿ.

ನಾಲ್ಕು ಕುಡಿಯುವ ಊಟ

*ಓಟ್ಸ್ ಹಾಲು.* 20 ಗ್ರಾಂ ಓಟ್ಸ್ ಅನ್ನು ಒಣಗಿದಂತೆಯೇ ಪುಡಿ ಮಾಡಿ. 100 ಮಿಲಿ ನೀರಿನಲ್ಲಿ ಗಂಟಾಗದಂತೆ ಕದಡಿ, ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಬೇಯಿಸಿ. 200 ಮಿಲಿ ಕೆನೆ ತೆಗೆಯದ ಹಾಲಿನಲ್ಲಿ 20 ಗ್ರಾಂ ಹಾಲಿನ ಪುಡಿ ಕರಗಿಸಿ ಸೇರಿಸಿ, ಒಂದು ಕುದಿ ಬರಲಿ. ಒಂದು ಟೀ ಚಮಚ ಎಣ್ಣೆ, ಒಂದು ಟೀ ಚಮಚ ಸಕ್ಕರೆ ಹಾಕಿ ಮಿಕ್ಸಿಯಲ್ಲಿ ತಿರುಗಿಸಿ ಸೋಸಿ. ಸುಮಾರು 250 ಮಿಲಿ, 330 ಕ್ಯಾಲೊರಿ, 16 ಗ್ರಾಂ ಪ್ರೋಟೀನ್. ನಾಲ್ಕರಲ್ಲಿ ಇದೇ ನನಗೆ ಹೆಚ್ಚು ನಂಬಿಕೆಯ ಲೋಟ. ರುಚಿ ಸೌಮ್ಯ, ಕಷ್ಟದ ದಿನದಲ್ಲೂ ಒಗ್ಗುತ್ತದೆ. ಹಾಲಿನಿಂದ ಹೊಟ್ಟೆ ಉಬ್ಬರವಾಗುವವರು ಲ್ಯಾಕ್ಟೋಸ್ (ಹಾಲಿನಲ್ಲಿರುವ ಸಕ್ಕರೆ) ಇಲ್ಲದ ಹಾಲು ಬಳಸಿ, ಹಾಲಿನ ಪುಡಿಯ ಬದಲು ಸೋಯಾ ಪ್ರೋಟೀನ್ ಪುಡಿ ಹಾಕಬಹುದು. ಗ್ಲುಟೆನ್ (ಗೋಧಿ, ಬಾರ್ಲಿಯಲ್ಲಿರುವ ಪ್ರೋಟೀನ್) ಆಗದವರು ಗ್ಲುಟೆನ್‌ಮುಕ್ತ ಎಂದು ಬರೆದಿರುವ ಓಟ್ಸ್ ಮಾತ್ರ ತರಬೇಕು, ಮಾಮೂಲಿ ಓಟ್ಸ್‌ನಲ್ಲಿ ಗೋಧಿ ಬೆರೆತಿರಬಹುದು.

*ಆಲೂಗಡ್ಡೆ ಮೊಟ್ಟೆ ಸೂಪ್.* ಸಿಪ್ಪೆ ತೆಗೆದ 150 ಗ್ರಾಂ ಆಲೂಗಡ್ಡೆಯನ್ನು ಮುಳುಗುವಷ್ಟೇ ನೀರಿನಲ್ಲಿ ಬೇಯಿಸಿ. 150 ಮಿಲಿ ಹಾಲು, ಒಂದು ಟೀ ಚಮಚ ಬೆಣ್ಣೆ, ಚಿಟಿಕೆ ಉಪ್ಪು ಸೇರಿಸಿ ಅರೆದು ಮತ್ತೆ ಒಲೆಗಿಡಿ. ಒಂದು ಮೊಟ್ಟೆಯನ್ನು ಚೆನ್ನಾಗಿ ಕದಡಿ, ಅದಕ್ಕೆ ಎರಡು ಚಮಚ ಬಿಸಿ ಸೂಪ್ ಬೆರೆಸಿ ಬೆಚ್ಚಗೆ ಮಾಡಿ, ಆಮೇಲೆ ಇಡೀ ಮಿಶ್ರಣವನ್ನು ಪಾತ್ರೆಗೆ ದಾರದಂತೆ ಸುರಿಯುತ್ತಾ ಜೋರಾಗಿ ತಿರುಗಿಸಿ. ಮೊಟ್ಟೆಯನ್ನು ನೇರವಾಗಿ ಸುರಿದರೆ ಗಂಟು ಕಟ್ಟುತ್ತದೆ. ಕುದಿ ಬರುವವರೆಗೆ ಬಿಡಿ, ಹಸಿ ಮೊಟ್ಟೆ ಬೇಡವೇ ಬೇಡ. ಮತ್ತೊಮ್ಮೆ ಅರೆದು ಸೋಸಿ. ಸುಮಾರು 400 ಮಿಲಿಯಲ್ಲಿ 330 ಕ್ಯಾಲೊರಿ, 14 ಗ್ರಾಂ ಪ್ರೋಟೀನ್. ಎರಡು ಸಲಕ್ಕೆ ಕುಡಿಯಿರಿ. ಆಲೂಗಡ್ಡೆಯನ್ನು ಹೆಚ್ಚು ಹೊತ್ತು ಅರೆದರೆ ಅಂಟಂಟಾಗುತ್ತದೆ, ಆದ್ದರಿಂದ ಇದೊಂದಕ್ಕೆ ಮಿಕ್ಸಿ ಅರ್ಧ ನಿಮಿಷ ಸಾಕು, ಉಳಿದದ್ದು ಜರಡಿ ನೋಡಿಕೊಳ್ಳುತ್ತದೆ.

*ಅಕ್ಕಿ ಕೋಳಿ ಸೂಪ್.* 40 ಗ್ರಾಂ ಬಿಳಿ ಅಕ್ಕಿ, ಮೂಳೆ ಚರ್ಮ ಇಲ್ಲದ 60 ಗ್ರಾಂ ಕೋಳಿಯ ಎದೆಮಾಂಸ, 50 ಗ್ರಾಂ ಕ್ಯಾರೆಟ್. ಮಾಂಸವನ್ನು ಎಳೆಗೆ ಅಡ್ಡಲಾಗಿ ಸಣ್ಣಗೆ ಹೆಚ್ಚಿ, ಆಗ ಮಿಕ್ಸಿಯಲ್ಲಿ ನಾರು ಉಳಿಯುವುದು ಕಡಿಮೆ. ಎಲ್ಲವನ್ನೂ ಅರ್ಧ ಲೀಟರ್ ನೀರಿನಲ್ಲಿ ಅಕ್ಕಿ ಒಡೆಯುವವರೆಗೆ ಬೇಯಿಸಿ, ಎರಡು ಟೀ ಚಮಚ ಎಣ್ಣೆಯೊಂದಿಗೆ ಅರೆದು ಸೋಸಿ. ಸುಮಾರು 400 ಮಿಲಿಯಲ್ಲಿ 320 ಕ್ಯಾಲೊರಿ, 17 ಗ್ರಾಂ ಪ್ರೋಟೀನ್. ಮಾಂಸ ತಿನ್ನದವರು 30 ಗ್ರಾಂ ಅಕ್ಕಿಗೆ 30 ಗ್ರಾಂ ಸಿಪ್ಪೆಯಿಲ್ಲದ ಮಸೂರ ಬೇಳೆ ಹಾಕಿ. ಕ್ಯಾಲೊರಿ ಹೆಚ್ಚುಕಡಿಮೆ ಅಷ್ಟೇ, ಪ್ರೋಟೀನ್ 10 ಗ್ರಾಂಗೆ ಇಳಿಯುತ್ತದೆ. ಬೇಳೆಯಿಂದ ಗಾಳಿ ತುಂಬುವುದುಂಟು, ನೆನೆಸಿ ಆ ನೀರನ್ನು ಚೆಲ್ಲಿ ಬೇಯಿಸಿದರೆ ಸ್ವಲ್ಪ ವಾಸಿ.

*ತಣ್ಣನೆಯ ಮೊಸರು ಬಾಳೆಹಣ್ಣು.* ಒಲೆಯ ವಾಸನೆಗೇ ವಾಕರಿಕೆ ಬರುವ ಬೆಳಗಿನ ಹೊತ್ತಿಗೆ ಇದು. ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಗಟ್ಟಿ ಮೊಸರು 100 ಗ್ರಾಂ, ಚೆನ್ನಾಗಿ ಕಳಿತ ಅರ್ಧ ಬಾಳೆಹಣ್ಣು, ಕಾಳಿನ ಚೂರಿಲ್ಲದ ನುಣುಪಾದ ಪೀನಟ್ ಬಟರ್ ಒಂದು ಊಟದ ಚಮಚ, 50 ಮಿಲಿ ಹಾಲು. ಅರೆದು ಸೋಸಿದರೆ 200 ಮಿಲಿಗಿಂತ ಸ್ವಲ್ಪ ಹೆಚ್ಚು, ಸುಮಾರು 270 ಕ್ಯಾಲೊರಿ, 14 ಗ್ರಾಂ ಪ್ರೋಟೀನ್. ತಣ್ಣನೆಯದಕ್ಕೆ ವಾಸನೆ ಕಡಿಮೆ, ಅದರಿಂದಲೇ ಎಷ್ಟೋ ಜನರಿಗೆ ಗಂಟಲಲ್ಲಿ ಇಳಿಯುತ್ತದೆ.

ಓಟ್ಸ್ ಹಾಲು ಎರಡು ಬಾರಿ, ಉಳಿದ ಮೂರನ್ನೂ ಒಂದೊಂದು ಬಾರಿ ಮಾಡಿ ಹಂಚಿಕೊಂಡರೆ ದಿನಕ್ಕೆ ಏಳು ಲೋಟ, ಒಂದೂವರೆ ಲೀಟರ್, ಸುಮಾರು 1,580 ಕ್ಯಾಲೊರಿ, 77 ಗ್ರಾಂ ಪ್ರೋಟೀನ್. ಮೊದಲ ದಿನವೇ ಇಷ್ಟು ಮುಟ್ಟುವುದು ಬೇಡ. ಎರಡು ಲೋಟದಿಂದ ಶುರು ಮಾಡಿ, ಒಗ್ಗಿದಂತೆ ಏರಿಸಿ. ಒಂದು ಹೊಸ ಪದಾರ್ಥಕ್ಕೆ ಎರಡು ಮೂರು ದಿನ ಕೊಡಿ, ಇಲ್ಲದಿದ್ದರೆ ಯಾವುದು ಆಗಲಿಲ್ಲ ಎಂದು ಗೊತ್ತಾಗುವುದಿಲ್ಲ.

ಮನೆಯ ದ್ರವ ಊಟದಲ್ಲಿ ಕಬ್ಬಿಣ, ವಿಟಮಿನ್ ಡಿ, ಬಿ12ರಂಥವು ಕಡಿಮೆ ಬೀಳುವ ಸಂಭವ ಹೆಚ್ಚು. ವಾರಗಟ್ಟಲೆ ಇದರ ಮೇಲೇ ಇರುವವರು ರಕ್ತಪರೀಕ್ಷೆ ಮಾಡಿಸಿ, ದ್ರವರೂಪದ ಅಥವಾ ಜಗಿಯುವ ವಿಟಮಿನ್ ಬರೆಸಿಕೊಳ್ಳಬೇಕು. ದಿನಕ್ಕೆ ಒಂದೆರಡು ಲೋಟ ತಯಾರಾಗಿ ಸಿಗುವ ವೈದ್ಯಕೀಯ ಪೋಷಕ ಪೇಯ ಸೇರಿಸಿಕೊಂಡರೆ ಈ ಕೊರತೆ ಬಹಳ ಮಟ್ಟಿಗೆ ತುಂಬುತ್ತದೆ. ಮನೆಯದೇ ಶ್ರೇಷ್ಠ ಎಂಬ ಹಟ ಇಲ್ಲಿ ಬೇಡ.

ಗಂಜಿಯನ್ನು ನೀರಿಲ್ಲದೆ ತೆಳು ಮಾಡುವ ಉಪಾಯ

ಇದನ್ನು ಬಲ್ಲವರು ಕಡಿಮೆ, ಆದರೆ ಬಹಳ ಉಪಯೋಗದ ಕೆಲಸ. ಹಿಟ್ಟಿನ ಗಂಜಿಯಲ್ಲಿ ಸತ್ವ ಹೆಚ್ಚಿಸಬೇಕೆಂದರೆ ಹಿಟ್ಟು ಹೆಚ್ಚು ಹಾಕಬೇಕು, ಹಿಟ್ಟು ಹೆಚ್ಚಾದರೆ ಗಂಜಿ ಮುದ್ದೆಯಾಗುತ್ತದೆ. ಮೊಳಕೆ ಬರಿಸಿ ಒಣಗಿಸಿ ಬೀಸಿದ ಧಾನ್ಯದ ಹಿಟ್ಟು ಈ ಗಂಟನ್ನು ಬಿಡಿಸುತ್ತದೆ. ಕಾಳು ಮೊಳೆಯುವಾಗ ಅದರಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ, ಅದು ಪಿಷ್ಟವನ್ನು ಸಣ್ಣ ತುಂಡುಗಳಾಗಿ ಕತ್ತರಿಸುತ್ತದೆ.

ಗಂಜಿಯನ್ನು ಗಟ್ಟಿಯಾಗಿಯೇ ಚೆನ್ನಾಗಿ ಬೇಯಿಸಿ ಇಳಿಸಿ. ಕುದಿಯುವ ಬಿಸಿಯಲ್ಲಿ ಕಿಣ್ವ ಸತ್ತುಹೋಗುತ್ತದೆ, ಹಾಗಾಗಿ ಸುಮಾರು 65 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವವರೆಗೆ ಕಾಯಿರಿ. ಆಗಲೂ ಬೆರಳು ಇಡಲಾಗದಷ್ಟು ಬಿಸಿ ಇರುತ್ತದೆ. ಒಂದು ಟೀ ಚಮಚ ಮೊಳಕೆ ಹಿಟ್ಟು ಉದುರಿಸಿ ತಿರುಗಿಸುತ್ತಿರಿ. ಸೌಟಿಗೆ ಅಂಟಿಕೊಂಡಿದ್ದ ಗಂಜಿ ನೋಡನೋಡುತ್ತಲೇ ಸಡಿಲವಾಗಿ, ಕೆಲವೇ ನಿಮಿಷಗಳಲ್ಲಿ ಲೋಟಕ್ಕೆ ಸುರಿಯುವ ಹಾಗಾಗುತ್ತದೆ. ಮೊಳಕೆ ಹಿಟ್ಟು ಹಸಿಯದ್ದಾದ್ದರಿಂದ ಕೊನೆಗೆ ಎರಡು ಮೂರು ನಿಮಿಷ ಮತ್ತೆ ಕುದಿಸಲೇಬೇಕು, ಮೊಳಕೆಯಲ್ಲಿ ಸೂಕ್ಷ್ಮಜೀವಿಗಳು ಇರುತ್ತವೆ. ಕುದಿಸಿದರೂ ಗಂಜಿ ಮತ್ತೆ ಗಟ್ಟಿಯಾಗುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಮಾತು: ಹೀಗೆ ಒಡೆದ ಪಿಷ್ಟ ರಕ್ತದ ಸಕ್ಕರೆಯನ್ನು ಬೇಗ ಏರಿಸಬಹುದು, ಅಳೆದು ನೋಡಿಕೊಂಡೇ ಬಳಸಿ. ಬಾರ್ಲಿ, ಗೋಧಿಯ ಮೊಳಕೆ ಹಿಟ್ಟಿನಲ್ಲಿ ಗ್ಲುಟೆನ್ ಇರುತ್ತದೆ ಎಂಬುದೂ ನೆನಪಿರಲಿ.

ನಮ್ಮ ಜೊಲ್ಲಿನಲ್ಲೂ ಅಮೈಲೇಸ್ ಇದೆ. ಬಾಯಿಗಿಟ್ಟ ಚಮಚವನ್ನು ಮತ್ತೆ ಡಬ್ಬಿಗೆ ಅದ್ದಿದರೆ ಉಳಿದ ಗಂಜಿ ನೀರು ಬಿಟ್ಟುಕೊಳ್ಳುವುದು ಅದಕ್ಕೇ. ಕುಡಿಯುವಷ್ಟನ್ನು ಬೇರೆ ಲೋಟಕ್ಕೆ ಬಗ್ಗಿಸಿಕೊಳ್ಳಿ.

ಕುಡಿಯುವುದಕ್ಕೂ ಕ್ರಮವಿದೆ

ಒಂದು ಲೋಟಕ್ಕೆ 20–30 ನಿಮಿಷ ತೆಗೆದುಕೊಳ್ಳಿ. ನೆಟ್ಟಗೆ ಕುಳಿತು ಕುಡಿಯಬೇಕು, ಕುಡಿದ ಮೇಲೆ ಎರಡು ಗಂಟೆಯಾದರೂ ಮಲಗಬಾರದು; ಮನೆಯೊಳಗೇ ನಾಲ್ಕು ಹೆಜ್ಜೆ ಓಡಾಡಿದರೆ ಇನ್ನೂ ಒಳ್ಳೆಯದು. ಎರಡು ಲೋಟಗಳ ನಡುವೆ ಎರಡು ಎರಡೂವರೆ ಗಂಟೆ ಬಿಡುವಿರಲಿ. ಬಹಳ ಜನರಿಗೆ ಬೆಳಿಗ್ಗೆ ಹೊಟ್ಟೆ ಹಗುರ, ಸಂಜೆಯಾದಂತೆ ಭಾರ. ಹಾಗಿದ್ದರೆ ಸತ್ವ ಹೆಚ್ಚಿರುವ ಲೋಟಗಳನ್ನು ಮಧ್ಯಾಹ್ನದೊಳಗೆ ಮುಗಿಸಿ. ನೀರನ್ನು ಊಟದ ಲೋಟದ ಜೊತೆ ಕುಡಿಯದೆ ನಡುವೆ ಕುಡಿಯಿರಿ, ಜಾಗ ಉಳಿಯುತ್ತದೆ. ಸೋಡಾ ಬೇಡ, ಗಾಳಿ ತುಂಬಿ ಉಬ್ಬರ ಹೆಚ್ಚುತ್ತದೆ. ಮದ್ಯ, ಸಿಗರೇಟು ಎರಡೂ ಜಠರವನ್ನು ನಿಧಾನ ಮಾಡುತ್ತವೆ.

ದಿನವಿಡೀ ಗುಟುಕರಿಸುವವರ ಹಲ್ಲು ಬೇಗ ಹಾಳಾಗುತ್ತವೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಪ್ರತಿ ಲೋಟದ ನಂತರ ಬಾಯಿ ಮುಕ್ಕಳಿಸಿ. ವಾಂತಿಯಾದ ಕೂಡಲೇ ಬ್ರಷ್ ಮಾಡಬೇಡಿ, ಆಮ್ಲದಿಂದ ಮೆತ್ತಗಾದ ಹಲ್ಲಿನ ಹೊರಪದರ ಸವೆಯುತ್ತದೆ. ನೀರಿನಲ್ಲಿ ಮುಕ್ಕಳಿಸಿ ಅರ್ಧ ಗಂಟೆ ಬಿಟ್ಟು ಉಜ್ಜಿ.

ಸಕ್ಕರೆ ಕಾಯಿಲೆಯವರು ಇನ್ನೊಂದನ್ನು ಡಾಕ್ಟರ ಜೊತೆ ಕುಳಿತು ಬಗೆಹರಿಸಿಕೊಳ್ಳಬೇಕು. ಊಟಕ್ಕೆ ಮುಂಚೆ ಹಾಕಿಕೊಂಡ ಇನ್ಸುಲಿನ್ ತನ್ನ ಹೊತ್ತಿಗೆ ಕೆಲಸ ಶುರು ಮಾಡುತ್ತದೆ, ಕುಡಿದದ್ದು ಮಾತ್ರ ಇನ್ನೂ ಜಠರದಲ್ಲೇ ಇರುತ್ತದೆ. ಸಕ್ಕರೆ ಕುಸಿಯುವುದು ಆಗಲೇ. ಕೆಲವು ಗಂಟೆಗಳ ನಂತರ ಅದೇ ಊಟ ಒಮ್ಮೆಲೇ ಇಳಿದು ಸಕ್ಕರೆ ಏರುತ್ತದೆ, ಏರಿದ ಸಕ್ಕರೆ ಜಠರವನ್ನು ಮತ್ತಷ್ಟು ನಿಧಾನ ಮಾಡುತ್ತದೆ. ಇನ್ಸುಲಿನ್ ಹೊತ್ತನ್ನೂ ಪ್ರಮಾಣವನ್ನೂ ಹೊಸ ಊಟಕ್ಕೆ ತಕ್ಕಂತೆ ಬದಲಾಯಿಸಿಕೊಡಲು ಕೇಳಿ. ಸಕ್ಕರೆ ಕುಸಿದಾಗ ಹಾಲಿನ ಲೋಟ ಕೊಡಬೇಡಿ. 15 ಗ್ರಾಂ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕೊಟ್ಟು 15 ನಿಮಿಷಕ್ಕೆ ಮತ್ತೆ ಅಳೆಯಿರಿ.

ಇಟ್ಟುಕೊಳ್ಳುವುದು

ಹಾಲು, ಮೊಟ್ಟೆ, ಮಾಂಸ, ಅನ್ನ ಸೇರಿದ ನುಣ್ಣನೆಯ ದ್ರವ ಸೂಕ್ಷ್ಮಜೀವಿಗಳಿಗೂ ಪ್ರಿಯ. ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬೇಡಿ, ಸೆಕೆಗಾಲದಲ್ಲಿ ಒಂದೇ ಗಂಟೆ. ದೊಡ್ಡ ಪಾತ್ರೆಯಲ್ಲಿ ಆರಲು ಬಿಡುವ ಬದಲು ಸಣ್ಣ ಡಬ್ಬಿಗಳಿಗೆ ಹಂಚಿ, ತಣ್ಣೀರಿನಲ್ಲಿ ನಿಲ್ಲಿಸಿ, ಬೇಗ ಫ್ರಿಜ್‌ಗೆ ಸೇರಿಸಿ. ಫ್ರಿಜ್ 4 ಡಿಗ್ರಿ ಅಥವಾ ಅದಕ್ಕಿಂತ ತಂಪಿರಲಿ, 24 ಗಂಟೆಯೊಳಗೆ ಮುಗಿಸಿ. ಬಿಸಿ ಮಾಡುವಾಗ ಪೂರ್ತಿ ಕುದಿಸಿ ಆರಿಸಿ ಕುಡಿಯಿರಿ, ಎರಡನೇ ಸಲ ಬಿಸಿ ಮಾಡಬೇಡಿ. ಮಿಕ್ಸಿಯ ಬ್ಲೇಡಿನ ಬುಡದ ರಬ್ಬರ್ ಬಳೆಯನ್ನು ಬಿಚ್ಚಿ ತೊಳೆಯಿರಿ. ಅಲ್ಲಿ ಹಾಲಿನ ಪದರ ಕೂತು ಹುಳಿಯುತ್ತಿರುವುದು ಹೊರಗಿನಿಂದ ಕಾಣುವುದೇ ಇಲ್ಲ.

ಏನೂ ಒಗ್ಗದ ದಿನ

ಆ ದಿನ ಕ್ಯಾಲೊರಿಯ ಚಿಂತೆ ಬಿಡಿ. ದೇಹದ ನೀರು ಉಳಿಸಿಕೊಂಡರೆ ಸಾಕು. ಓಆರ್‌ಎಸ್ ಪೊಟ್ಟಣ ಇದ್ದರೆ ಅದನ್ನೇ ಕದಡಿ; ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಮಟ್ಟಸವಾದ ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಕಣ್ಣಳತೆ ಬೇಡ. ಐದೈದು ನಿಮಿಷಕ್ಕೆ ಒಂದೆರಡು ಚಮಚ. ಆಮೇಲೆ ಓಟ್ಸ್ ಹಾಲನ್ನು ಅರ್ಧ ಲೋಟದಿಂದ ಮತ್ತೆ ಶುರು ಮಾಡಿ.

ಆದರೆ ಒಂದು ದಿನ ಪೂರ್ತಿ ದ್ರವವೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗಿದರೆ, ನಿಂತಾಗ ತಲೆ ಸುತ್ತಿದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿ ಪುಡಿಯಂಥದ್ದು ಕಂಡರೆ, ಮಲ ಡಾಂಬರಿನ ಹಾಗೆ ಕಪ್ಪಾದರೆ, ಹೊಟ್ಟೆನೋವು ತಡೆಯಲಾಗದಷ್ಟಾದರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ. ಸಕ್ಕರೆ ಕಾಯಿಲೆಯವರು ವಾಂತಿಯ ಜೊತೆ ಸಕ್ಕರೆ ಏರಿದ್ದರೆ ಒಂದು ದಿನವೂ ಕಾಯಬಾರದು. ವಾರಕ್ಕೊಮ್ಮೆ ಒಂದೇ ಹೊತ್ತಿಗೆ, ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಒಂದು ತಿಂಗಳಲ್ಲಿ ತೂಕದ ನೂರಕ್ಕೆ ಐದು ಭಾಗ ಇಳಿದಿದ್ದರೆ ಆ ಚೀಟಿಯೊಂದಿಗೆ ಡಾಕ್ಟರನ್ನು ಕಾಣಿ.

ಗಟ್ಟಿ ಊಟದ ಕಡೆಗೆ

ಎಲ್ಲರೂ ಕೊನೆಯವರೆಗೆ ಲೋಟದಲ್ಲೇ ಇರಬೇಕಿಲ್ಲ. ವಾಂತಿ ನಿಂತು, ತೂಕ ನಿಂತು, ಎರಡು ವಾರ ಸಲೀಸಾಗಿ ಕಳೆದಿದ್ದರೆ ಡಾಕ್ಟರನ್ನು ಕೇಳಿ ಒಂದು ಲೋಟದ ಜಾಗದಲ್ಲಿ ಚಮಚದಲ್ಲಿ ತಿನ್ನುವಂಥದ್ದನ್ನು ಇಡಿ. ಅದನ್ನು ಬೆಳಗಿನ ಹೊತ್ತಿಗೇ ಮಾಡಿ, ಆಗ ಇಳಿಯಲು ಇಡೀ ದಿನ ಸಿಗುತ್ತದೆ. ಅದೇ ಆಲೂಗಡ್ಡೆ ಮೊಟ್ಟೆಯನ್ನು ಹಾಲು ಕಡಿಮೆ ಮಾಡಿ ಗಟ್ಟಿಯಾಗಿ ಅರೆಯಿರಿ. ಅದು ಒಗ್ಗಿದರೆ ಕಿವುಚಿದ ಮೆತ್ತನೆಯ ಅನ್ನ, ಆಮೇಲೆ ಚೆನ್ನಾಗಿ ಕದಡಿ ಬೇಯಿಸಿದ ಮೊಟ್ಟೆ, ಮೆತ್ತಗೆ ಬೆಂದ ಮೀನು. ಸಂಜೆಯ ಊಟ ಕೊನೆಯವರೆಗೂ ದ್ರವವಾಗಿಯೇ ಇರಲಿ, ಎಷ್ಟೋ ಜನ ವರ್ಷಗಟ್ಟಲೆ ಹಾಗೆಯೇ ಚೆನ್ನಾಗಿದ್ದಾರೆ. ಹಸಿ ತರಕಾರಿ, ಕಿತ್ತಳೆಯ ತೊಳೆ, ತೆಂಗಿನಕಾಯಿ, ಅಂಜೂರ, ಸಿಪ್ಪೆ ಸಮೇತದ ಸೇಬು, ಇಡೀ ಕಾಳುಗಳು ಬೆಜೋರ್ ಕಟ್ಟುವ ಪೈಕಿ. ಇವುಗಳ ಮೇಲೆ ಎಷ್ಟೇ ಆಸೆಯಾದರೂ ಡಾಕ್ಟರು ಒಪ್ಪುವವರೆಗೆ ಮುಟ್ಟಬೇಡಿ.